ಓಟು ಜಾಸ್ತಿ ಬಂದ ಮಾತ್ರಕ್ಕೆ ಪಟ್ಟಿ ಸರಿಯಾಗುವುದಿಲ್ಲ ಸರ್

ಸರ್, ನಮ್ಮ ಗುಂಪಿನಲ್ಲಿ ನೀವಿಟ್ಟ ಈ ಪೋಲನ್ನು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. "ಅತ್ಯುತ್ತಮ ವೆಬ್‌ಸೈಟ್ ಯಾವುದು?" ಅಂತ ಎಂಟು ಹೆಸರು ಕೊಟ್ಟಿದ್ದೀರಿ, 140 ಓಟು ಬಿದ್ದಿದೆ, ಬೇರೆ ಬೇರೆ ಊರುಗಳ ರೇಡಿಯೋ ಕೇಳಿಸುವ ರೇಡಿಯೋ ಗಾರ್ಡನ್ ಮುಂದಿದೆ. ಅದನ್ನೇ ಗುಂಪಿನ ತೀರ್ಮಾನ ಅಂತ ಪಿನ್ ಮಾಡುತ್ತೀರಂತೆ. ಇನ್ನಷ್ಟು ಓಟು ಬರಲಿ ಅಂತ ಲಿಂಕನ್ನು ಬೇರೆ ಗುಂಪುಗಳಿಗೂ ಹಂಚಿದ್ದೀರಿ. ನಾನೂ ಹಿಂದೆ ಹೀಗೇ ಹಂಚಿ, ಯಾರೂ ತೆರೆದು ನೋಡದ ಪಟ್ಟಿಯೊಂದನ್ನು ಪಿನ್ ಮಾಡಿಟ್ಟಿದ್ದೆ. ನೀವು ಕಳಿಸಿದ ಗುಂಪುಗಳಲ್ಲಿ ಒಂದು ರೇಡಿಯೋ ಹವ್ಯಾಸಿಗಳದ್ದು, ಅಲ್ವಾ? ಮತ್ತೆ ರೇಡಿಯೋ ಗಾರ್ಡನ್ ಗೆಲ್ಲದೆ ಇನ್ಯಾವುದು ಗೆಲ್ಲಬೇಕು?

ಓಟು ಹೆಚ್ಚಾದಷ್ಟೂ ಫಲಿತಾಂಶ ನಿಜಕ್ಕೆ ಹತ್ತಿರ ಅನ್ನುವುದು ಬಹಳ ಹಳೇ ಭ್ರಮೆ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಓಟು ಯಾರಿಗೆ ಅಂತ ಕೇಳುವ ಚೀಟಿಯನ್ನು ಅಂಚೆಯಲ್ಲಿ ಕಳಿಸಿತ್ತು. 20 ಲಕ್ಷಕ್ಕೂ ಹೆಚ್ಚು ಚೀಟಿ ತುಂಬಿ ವಾಪಸ್ ಬಂದವು. ಅಧ್ಯಕ್ಷ ರೂಸ್‌ವೆಲ್ಟ್ ಎದುರು ನಿಂತಿದ್ದ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಪತ್ರಿಕೆ ಹೇಳಿತು. ಕೊನೆಗೆ ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ವಿಳಾಸಗಳನ್ನು ತೆಗೆದದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ ಪಟ್ಟಿಗಳಿಂದ. ಆ ಕಾಲಕ್ಕೆ ಅವೆಲ್ಲ ಉಳ್ಳವರ ಮನೆಯ ವಸ್ತು. ಸಾಲದ್ದಕ್ಕೆ ಚೀಟಿ ತುಂಬಿ ಕಳಿಸುವ ಉಮೇದು ಇದ್ದದ್ದೂ ರೂಸ್‌ವೆಲ್ಟ್‌ರನ್ನು ಕಂಡರಾಗದವರಿಗೇ ಜಾಸ್ತಿ. ಅದೇ ಚುನಾವಣೆಯಲ್ಲಿ ಸಮೀಕ್ಷೆ ನಡೆಸುತ್ತಿದ್ದ ಜಾರ್ಜ್ ಗ್ಯಾಲಪ್ ಎಷ್ಟೋ ಚಿಕ್ಕ ಮಾದರಿ ಇಟ್ಟುಕೊಂಡೇ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು.

ಅದು ಅಂಚೆ ಕಾಲ. ಕ್ಲಿಕ್ ಕಾಲದ ಕಥೆ ಬೇಕಾ? 1999ರಲ್ಲಿ ಸ್ಲ್ಯಾಶ್‌ಡಾಟ್ ಅನ್ನುವ ತಂತ್ರಜ್ಞಾನ ಸುದ್ದಿಯ ಸೈಟಿನಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಯಾವ ವಿಶ್ವವಿದ್ಯಾಲಯ ಚೆನ್ನಾಗಿದೆ ಅಂತ ಪೋಲ್ ಇಟ್ಟರು. ಕಾರ್ನೆಗಿ ಮೆಲನ್ ಹುಡುಗರು ತಾವೇ ಓಟು ಒತ್ತುವ ಪ್ರೋಗ್ರಾಂ ಬರೆದರು. ಎಂಐಟಿಯವರು ಸುಮ್ನೆ ಕೂರುತ್ತಾರಾ? ಅವರೂ ಬರೆದರು. ಇಬ್ಬರಿಗೂ 21,000 ದಾಟಿತು, ಉಳಿದ ಯಾರಿಗೂ 1,000 ಬರಲಿಲ್ಲ. ಒಂದೇ ಐಪಿಯಿಂದ, ಅಂದರೆ ಒಂದೇ ಇಂಟರ್ನೆಟ್ ವಿಳಾಸದಿಂದ, ಎರಡು ಓಟು ಹಾಕದಂತೆ ತಡೆ ಇಟ್ಟಿದ್ದರೂ ಹೀಗಾಯಿತು. ಆದ್ದರಿಂದ "ನಮ್ಮದರಲ್ಲಿ ಒಬ್ಬರಿಗೆ ಒಂದೇ ಓಟು" ಅನ್ನುವ ಮಾತು ಬೇಡ.

ಟೂಲ್ ಬದಲಾಯಿಸಿದರೂ ಅಷ್ಟೇ. ಪೋಲ್ ಮಾಡಿಕೊಡುವ ಸ್ಟ್ರಾಪೋಲ್ ಸೈಟ್ ನನಗೆ ಆಗಿಬರುವುದಿಲ್ಲ. ಐಪಿ ತಡೆ ಹಾಕಿದರೆ ಒಂದೇ ವೈಫೈ ಬಳಸುವ ನಾಲ್ವರಲ್ಲಿ ಮೂವರು ಹೊರಗೆ, ಮೊಬೈಲ್ ಡೇಟಾ ಆಫ್ ಮಾಡಿ ಆನ್ ಮಾಡುವ ಕಿಲಾಡಿ ಮಾತ್ರ ಒಳಗೆ. ವಾಟ್ಸಾಪ್ ಪೋಲ್ ಇನ್ನೂ ಕಷ್ಟ. ಯಾರು ಏನು ಒತ್ತಿದರು ಅಂತ ಎಲ್ಲರಿಗೂ ಕಾಣುತ್ತದೆ, ಅಡ್ಮಿನ್ ಒತ್ತಿದ್ದನ್ನೇ ಅರ್ಧ ಜನ ಒತ್ತುತ್ತಾರೆ. ಗೂಗಲ್ ಫಾರ್ಮ್ಸ್ ಪರವಾಗಿಲ್ಲ, ಆದರೆ ಆಯ್ಕೆಗಳ ಕ್ರಮ ಕಲಸುವ ಸೆಟ್ಟಿಂಗ್ ಆನ್ ಮಾಡಬೇಕು. ಇಲ್ಲದಿದ್ದರೆ ಪಟ್ಟಿಯ ಮೇಲಿರುವುದಕ್ಕೆ ಪುಕ್ಕಟೆ ಲಾಭ. ನಿಮ್ಮ ಪೋಲಿನಲ್ಲಿ ಮೇಲೆ ಯಾವುದಿದೆ, ನೋಡಿಕೊಳ್ಳಿ.

ನನಗೆ ಕೈಹಿಡಿದ ದಾರಿ ಬೇರೆ. ಪೋಲೇ ಬೇಡ. ಗುಂಪಿನ ಸದಸ್ಯರ ಪಟ್ಟಿಗೆ ನಂಬರ್ ಹಾಕಿ, ರ್‍ಯಾಂಡಮ್ ಡಾಟ್ ಆರ್ಗ್‌ನಲ್ಲಿ ಲಾಟರಿ ಥರ 30 ನಂಬರ್ ಎತ್ತಿ. ಗೊತ್ತಿರುವವರನ್ನು ಆರಿಸಬೇಡಿ, ಬಾಯಿ ಬಿಡದ ಸದಸ್ಯರೂ ಬರಲಿ. ಒಬ್ಬೊಬ್ಬರಿಗೂ ಖಾಸಗಿಯಾಗಿ ಒಂದೇ ಪ್ರಶ್ನೆ ಕಳಿಸಿ: "ಬ್ರೌಸರ್ ಹಿಸ್ಟರಿ ತೆರೆದು ನೋಡಿ. ಯಾರೂ ಲಿಂಕ್ ಕಳಿಸದೆ, ಈ ತಿಂಗಳು ನೀವಾಗಿಯೇ ಮತ್ತೆ ಮತ್ತೆ ಹೋದ ಸೈಟ್ ಯಾವುದು? ಯಾವ ಕೆಲಸಕ್ಕೆ?" ಹಿಸ್ಟರಿ ನೋಡಿ ಅನ್ನುವುದೇ ಇಲ್ಲಿ ಮುಖ್ಯ. ಸುಮ್ನೆ "ಯಾವುದು ಇಷ್ಟ?" ಅಂದರೆ ಜನ ದೊಡ್ಡ ಹೆಸರು ಹೇಳುತ್ತಾರೆ. ಹಿಸ್ಟರಿ ನೋಡಿದವರು ಯೂನಿಟ್ ಬದಲಾಯಿಸುವ ಪುಟ, ಫೋಟೊ ತಿದ್ದುವ ಫೋಟೊಪಿಯ, ಗಾಳಿ ಬೀಸುವ ನಕ್ಷೆ ತೋರಿಸುವ ನಲ್‌ಸ್ಕೂಲ್ ಅಂತ ನಿಜವಾಗಿ ಬಳಸುವುದನ್ನು ಹೇಳುತ್ತಾರೆ. ಹಿಸ್ಟರಿಯ ಸ್ಕ್ರೀನ್‌ಶಾಟ್ ಮಾತ್ರ ಕೇಳಬೇಡಿ, ಅದು ಅವರ ಖಾಸಗಿ ವಿಷಯ.

ಉತ್ತರ ಕೊಡದವರಿಗೆ ಎರಡು ಸಲ ನೆನಪಿಸಿ. ಆಮೇಲೂ ಬರದಿದ್ದರೆ ಅವರ ಜಾಗಕ್ಕೆ ಉತ್ಸಾಹಿ ಗೆಳೆಯರನ್ನು ತುಂಬಬೇಡಿ. 30ರಲ್ಲಿ 19 ಬಂತು ಅಂತಲೇ ಬರೆಯಿರಿ. ಇನ್ನೊಂದು ಎಚ್ಚರಿಕೆ, 30 ಜನರ ಉತ್ತರದಿಂದ ಶೇಕಡಾ ಲೆಕ್ಕ ಹಾಕಬೇಡಿ. ಎಲ್ಲರೂ ಉತ್ತರಿಸಿದರೂ ಆ ಲೆಕ್ಕ ಶೇ 18ರಷ್ಟು ಅತ್ತಿತ್ತ ಆಗಬಹುದು. 1,000 ಜನರನ್ನು ಹೀಗೆ ಎತ್ತಿದರೆ ಶೇ 3ಕ್ಕೆ ಇಳಿಯುತ್ತದೆ, ಆದರೆ ನಮ್ಮ ಕೆಲಸಕ್ಕೆ ಅಷ್ಟು ಬೇಕಿಲ್ಲ. ನಮಗೆ ಬೇಕಾದದ್ದು ಹೆಸರುಗಳು ಮತ್ತು ಅವು ಯಾವ ಕೆಲಸಕ್ಕೆ ಅನ್ನುವುದು.

ನಿಮ್ಮ ಪ್ರಶ್ನೆಯೂ ಸರಿಯಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಜಿಯೋಗೆಸ್ಸರ್ ಆಟ, ವೆಬ್ ಪುಟಗಳ ಹಳೇ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನ್ ಕೆಲಸದ ಸಾಮಾನು. ಎರಡಕ್ಕೂ ಒಂದೇ ಓಟಾ? ಮನರಂಜನೆಗೆ ಒಂದು ಪಟ್ಟಿ, ಉಪಯೋಗಕ್ಕೆ ಒಂದು ಪಟ್ಟಿ ಮಾಡಿ.

ವೇಬ್ಯಾಕ್ ಅಂದಕೂಡಲೇ ನೆನಪಾಯಿತು. ಪಟ್ಟಿಗೆ ಲಿಂಕ್ ಹಾಕುವಾಗಲೇ ಅಲ್ಲಿನ "ಸೇವ್ ಪೇಜ್ ನೌ" ಒತ್ತಿ ಪ್ರತಿ ಉಳಿಸಿಕೊಳ್ಳಿ, ನಾಳೆ ಸೈಟ್ ಮುಚ್ಚಿದರೂ ಪುಟ ಸಿಗುತ್ತದೆ. ಲಾಗಿನ್ ಕೇಳುವ ಪುಟಗಳಿಗೆ ಇದು ನಡೆಯುವುದಿಲ್ಲ. ಗುರುತಿಲ್ಲದ ಲಿಂಕ್ ಬಂದರೆ ಮೊದಲು ಅಪಾಯದ ಲಿಂಕ್, ಫೈಲ್ ಪತ್ತೆ ಮಾಡುವ ವೈರಸ್‌ಟೋಟಲ್‌ನಲ್ಲಿ ಹಾಕಿ ನೋಡಿ. ಲಿಂಕ್ ಮಾತ್ರ, ಸ್ವಂತ ಫೈಲ್ ಅಲ್ಲ, ಅಲ್ಲಿಗೆ ಏರಿಸಿದ ಫೈಲ್ ಬೇರೆ ಕಂಪನಿಗಳ ಕೈಗೂ ಹೋಗುತ್ತದೆ. ಪುಕ್ಕಟೆ ಪಿಡಿಎಫ್ ಜೋಡಿಸುವ ಸೈಟುಗಳನ್ನು ಯಾರಾದರೂ ಸೂಚಿಸಿದರೆ ಪಟ್ಟಿಗೆ ಸೇರಿಸಿ, ಆದರೆ ಪಕ್ಕದಲ್ಲೇ "ಗುರುತಿನ ಚೀಟಿ, ಬ್ಯಾಂಕ್ ಕಾಗದ ಇಲ್ಲಿ ಏರಿಸಬೇಡಿ" ಅಂತ ದಪ್ಪ ಅಕ್ಷರದಲ್ಲಿ ಹಾಕಿ.