ಅಂಕ ಬಂತು, ಪಹಣಿ ಅರ್ಥವಾಗಲಿಲ್ಲ

ಓದುಗರ ಪತ್ರ: ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಭೂಕಾನೂನಿನ ಪತ್ರಿಕೆಯಲ್ಲಿ ತರಗತಿಗೇ ಹೆಚ್ಚು ಅಂಕ ನನ್ನದು. ಊರಿಗೆ ಹೋದಾಗ ದಲ್ಲಾಳಿಯೊಬ್ಬರು ನಮ್ಮ ಹೊಲ ಕೇಳಿಕೊಂಡು ಬಂದರು. ‘ಕೃಷಿಕರಲ್ಲದವರು ಕೊಳ್ಳುವಂತಿಲ್ಲ’ ಎಂದೆ. ‘ಆ ಕಾಲ ಹೋಯಿತು’ ಎಂದರು. ಅಪ್ಪ ಜಮೀನಿನ ದಾಖಲೆಯಾದ ಪಹಣಿ ಮುಂದಿಟ್ಟು ‘ಏನಿದೆ ಓದಿ ಹೇಳಮ್ಮ’ ಎಂದಾಗ ತಡವರಿಸಿದೆ. ಹೊಲಕ್ಕೆ ಕಾನೂನಿನ ರಕ್ಷಣೆ ಉಳಿದಿದೆಯೇ? ನಾನು ಕಲಿತದ್ದಾದರೂ ಏನು?

ಸಂಪಾದಕರ ಉತ್ತರ: ದಲ್ಲಾಳಿ ಹೇಳಿದ್ದು ನಿಜ. ಕರ್ನಾಟಕದ 1961ರ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 2020ರ ತಿದ್ದುಪಡಿಯಲ್ಲಿ ರದ್ದಾದವು. ಬೇರೆ ಆದಾಯ ಹೆಚ್ಚಿದ್ದವರು, ಕಂಪನಿಗಳು ಸಾಗುವಳಿ ಜಮೀನು ಕೊಳ್ಳದಂತೆ ತಡೆದಿದ್ದ ಬೇಲಿ ಅದು. ಅದನ್ನು ಕಿತ್ತದ್ದು ತಪ್ಪು ಎಂಬುದು ಈ ಪತ್ರಿಕೆಯ ನಿಲುವು. ಹಾಗೆಂದು ಎಲ್ಲವೂ ಹೋಗಿಲ್ಲ. ಒಂದು ಕುಟುಂಬ ಇಂತಿಷ್ಟೇ ಭೂಮಿ ಇಟ್ಟುಕೊಳ್ಳಬೇಕೆಂಬ 63ನೇ ಕಲಮಿನ ಮಿತಿ ಇದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಿದರೆ 1978ರ ಕಾಯ್ದೆಯ ಪ್ರಕಾರ ಆ ಮಾರಾಟ ಊರ್ಜಿತವಲ್ಲ.

ನೀವು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿರಬಹುದಾದ ಇನ್ನೊಂದು ವಿಷಯವಿದೆ. 2013ರ ಭೂಸ್ವಾಧೀನ ಕಾಯ್ದೆಯ 10ನೇ ಕಲಮಿನ ಪ್ರಕಾರ ನೀರಾವರಿಯ, ವರ್ಷಕ್ಕೆ ಎರಡು ಮೂರು ಬೆಳೆ ತೆಗೆಯುವ ಜಮೀನನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ತೆಗೆದುಕೊಳ್ಳಬಹುದು. ಖಾಸಗಿ ಕಂಪನಿಗಾದರೆ ಶೇ 80ರಷ್ಟು ಕುಟುಂಬಗಳ ಒಪ್ಪಿಗೆಯೂ ಬೇಕು. ಆದರೆ ಕೈಗಾರಿಕೆಗೆಂದು ನಮ್ಮಲ್ಲಿ ಭೂಮಿ ಹೋಗುವುದು ಬಹುಪಾಲು 1966ರ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯ್ದೆಯ ಅಡಿಯಲ್ಲಿ. ಅದರ 28ನೇ ಕಲಮಿನಲ್ಲಿ ಒಪ್ಪಿಗೆಯ ಮಾತೇ ಇಲ್ಲ. ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆಯ ವಿಚಾರಣೆ, ಅಂತಿಮ ಅಧಿಸೂಚನೆ, ಇಷ್ಟೇ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಗೆ ಬಂದದ್ದೂ ಇದೇ ಕಾಯ್ದೆ. ರೈತರು ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತ ಮೇಲೆ, 2025ರ ಜುಲೈ 15ರಂದು ಮುಖ್ಯಮಂತ್ರಿ ಸ್ವಾಧೀನ ಕೈಬಿಡುವುದಾಗಿ ಹೇಳಿದರು. ಯಾವ ಕಾಯ್ದೆಯ ನೋಟಿಸು ಎಂದು ಗುರುತಿಸಲಾಗದವರಿಗೆ 10ನೇ ಕಲಮು ಬಾಯಿಪಾಠವಿದ್ದರೂ ಪ್ರಯೋಜನವಿಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ನನಗೆ ಹೆಚ್ಚು ಕಳವಳ ತಂದದ್ದು ಅದೇ. ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಅಮೆರಿಕದ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಾದದ್ದನ್ನು ಮೂರು ಬಾರಿ ಬರೆಯಿತು. ತಮಗೆ ಚೆನ್ನಾಗಿ ನೆನಪಿರುತ್ತದೆ ಎಂದು ಹೆಚ್ಚು ಭರವಸೆಯಿಟ್ಟಿದ್ದವರು ಓದುತ್ತಲೇ ಇದ್ದವರು. ವಾರದ ನಂತರ ಅವರಲ್ಲಿ ಉಳಿದದ್ದು ಸುಮಾರು ಶೇ 40; ಬರೆದವರಲ್ಲಿ ಶೇ 61. ಕಣ್ಣಿಗೆ ಪರಿಚಿತವಾದದ್ದನ್ನು ಮನಸ್ಸು ‘ಗೊತ್ತಿದೆ’ ಎಂದು ಲೆಕ್ಕ ಹಾಕಿಬಿಡುತ್ತದೆ. ಹಳೆಯ ನೋಟ್ಸಿನ ಕೆಳಗೆ ಗೆರೆ ಎಳೆದು ಓದುವ ನಮ್ಮ ಪದ್ಧತಿ ಬೆಳೆಸುವುದು ಈ ಭ್ರಮೆಯನ್ನೇ. ತಪ್ಪು ನಿಮ್ಮೊಬ್ಬರದಲ್ಲ, ರದ್ದಾದ ಕಲಮಿಗೆ ಪೂರ್ತಿ ಅಂಕ ಕೊಟ್ಟ ಮೌಲ್ಯಮಾಪಕರಿಗೂ ಅದರಲ್ಲಿ ಪಾಲಿದೆ. ಭೂಕಾನೂನು ಕಲಿಸುವ ಪ್ರತಿ ತರಗತಿಯೂ ನಿಜವಾದ ಒಂದು ಪಹಣಿಯಿಂದ ಶುರುವಾಗಲಿ ಎಂದು ಅಧ್ಯಾಪಕರಲ್ಲಿ ಬೇಡುತ್ತೇನೆ.

ಕಾಲೇಜು ಬದಲಾಗುವವರೆಗೆ ನೀವು ಕಾಯಬೇಕಿಲ್ಲ. ಅಪ್ಪನ ಪಹಣಿಯನ್ನು ಎದುರಿಗಿಟ್ಟುಕೊಳ್ಳಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, ತಾತನದೋ ಅಪ್ಪನದೋ? 10ರಲ್ಲಿ ಅದು ಹೇಗೆ ಬಂತು, ಪೌತಿಯೋ (ಹಿರಿಯರ ಸಾವಿನ ನಂತರದ ವಾರಸು) ಕ್ರಯವೋ ವಿಭಾಗವೋ? 12ರಲ್ಲಿ ಸಾಗುವಳಿ ಯಾರದು? ಅಲ್ಲಿ ಬರೆದದ್ದು ತಪ್ಪೆಂದು ಸಾಬೀತಾಗುವವರೆಗೆ ನಿಜವೆಂದೇ ಭೂಕಂದಾಯ ಕಾಯ್ದೆಯ 133ನೇ ಕಲಮು ಭಾವಿಸುತ್ತದೆ, ಆದ್ದರಿಂದ ಒಂದಕ್ಷರದ ತಪ್ಪನ್ನೂ ಹಾಗೆಯೇ ಬಿಡಬೇಡಿ. ಬಳಿಕ ಪಹಣಿ ಮಡಚಿಟ್ಟು, ಓದಿದ್ದನ್ನು ಅಪ್ಪನಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ. ಎಲ್ಲಿ ಮಾತು ನಿಲ್ಲುತ್ತದೋ ಅಲ್ಲಿಂದ ಪುಸ್ತಕ ತೆರೆಯಿರಿ.

11ನೇ ಕಾಲಂ ಅನ್ನು ಮಾತ್ರ ಇವತ್ತೇ ನೋಡಿ. ಸಾಲ, ತಕರಾರು, ಸ್ವಾಧೀನದ ಅಧಿಸೂಚನೆ ದಾಖಲಾಗುವುದು ಅಲ್ಲಿ. ಕೈಗಾರಿಕೆಗಾಗಿ ಸ್ವಾಧೀನ ಎಂಬ ನಮೂದು ಕಂಡರೆ, ನೋಟಿಸು ಮನೆಗೆ ತಲುಪಿದ ದಿನ ಯಾವುದೆಂದು ಅಪ್ಪನನ್ನು ಕೇಳಿ. ಆಕ್ಷೇಪಣೆಗೆ ಇರುವುದು ಅಂದಿನಿಂದ 30 ದಿನ. ಕರಡನ್ನು ನೀವೇ ಬರೆದು, ಸಲ್ಲಿಸುವ ಮೊದಲು ಅನುಭವಿ ವಕೀಲರೊಬ್ಬರಿಗೆ ತೋರಿಸಿ.