ಡಾರ್ಜಿಲಿಂಗ್ ಫಸ್ಟ್ ಫ್ಲಶ್ ಟೀ, ಅಂದರೆ ವರ್ಷದ ಮೊದಲ ಚಿಗುರಿನದು, ತಂದಿದ್ದೇನೆ, ದುಬಾರಿ. ದೀಪಾವಳಿಗೆ ನೆಂಟರು ಬಂದಾಗ ಮಾಡೋಣ ಅಂತ ಎತ್ತಿಡಬಹುದಾ?

ಬೇಡ. ಇವತ್ತೇ ಕತ್ತರಿ ತಗೊಂಡು ಪೊಟ್ಟಣ ಬಿಚ್ಚಿ.

ನಮ್ಮದು ಸಕಲೇಶಪುರದ ಹತ್ತಿರ, ಹಾನುಬಾಳು ಕಡೆ. ಕಾಫಿ ತೋಟದ ಮನೆ. ಟೀ ಕೇಳುವ ನೆಂಟರನ್ನು ನಮ್ಮಮ್ಮ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಒಂದು ಏಪ್ರಿಲ್‌ನಲ್ಲಿ ಡಾರ್ಜಿಲಿಂಗ್‌ಗೆ ಹೋದವನು 100 ಗ್ರಾಂ ಫಸ್ಟ್ ಫ್ಲಶ್ ತಂದೆ. ಅಲ್ಲಿ ಕುಡಿದಿದ್ದೆ. ಹಾಲಿಲ್ಲ, ಸಕ್ಕರೆ ಇಲ್ಲ, ತಿಳಿ ಹೊಂಬಣ್ಣ. ಭಾವನಿಗೆ ಕುಡಿಸಲೇಬೇಕು ಅನ್ನಿಸಿತು. ಭಾವ ಬರುವುದು ದೀಪಾವಳಿಗೆ.

ಪೊಟ್ಟಣ ಬಿಚ್ಚಿ ಅಮ್ಮನಿಗೆ ಘಮ ತೋರಿಸಿ, ಸ್ಟೀಲ್ ಡಬ್ಬಿಗೆ ಸುರಿದೆ. ಮುಚ್ಚಳ ಸಡಿಲ. ಡಬ್ಬಿ ಇಟ್ಟದ್ದು ಒಲೆಯ ಮೇಲಿನ ಗೂಡಿನಲ್ಲಿ, ಏಲಕ್ಕಿ ಡಬ್ಬಿಯ ಪಕ್ಕ. ಅಲ್ಲಿ ಬೆಚ್ಚಗಿರುತ್ತೆ, ತೇವ ಹಿಡಿಯಲ್ಲ ಅಂತ ನನ್ನ ಲೆಕ್ಕ. ಆದರೆ ಒಣಗಿದ ಟೀ ಎಲೆ ಪಕ್ಕದ ವಾಸನೆಯನ್ನೆಲ್ಲ ಹೀರುತ್ತದೆ. ಮಲ್ಲಿಗೆ ಟೀ ಮಾಡುವುದೇ ಹಾಗೆ, ಹೂವಿನ ಜೊತೆ ಎಲೆ ಇಟ್ಟು. ಒಲೆಯ ಬಿಸಿಗೆ ಇದ್ದ ಘಮವೂ ಹಾರಿಹೋಯಿತು. ಜೂನ್‌ನಿಂದ ನಮ್ಮ ಮಳೆ ಬೇರೆ, ಚಪ್ಪಲಿಗೂ ಬೂಷ್ಟು ಬರುವಂಥದ್ದು. ಸಡಿಲ ಮುಚ್ಚಳ ಅದನ್ನೂ ಒಳಗೆ ಬಿಟ್ಟುಕೊಂಡಿತು. ಕೊಂಡ ಪೊಟ್ಟಣದಲ್ಲೇ ಗಾಳಿಯಾಡದಂತೆ ಬಿಗಿದಿಟ್ಟಿದ್ದರೆ ಅಷ್ಟೋ ಇಷ್ಟೋ ಉಳಿಯುತ್ತಿತ್ತೇನೋ.

ದೀಪಾವಳಿಗೆ ಭಾವ ಒಂದು ಗುಟುಕು ಕುಡಿದು, "ಕಷಾಯ ಚೆನ್ನಾಗಿದೆ, ಯಾರಿಗೆ ಶೀತ?" ಅಂದರು.

ದುಬಾರಿ, ಅದಕ್ಕೇ ದೊಡ್ಡ ದಿನಕ್ಕೆ ಇರಲಿ ಅಂತೀರಲ್ಲ, ಅದನ್ನೇ ನಾನು ಒಪ್ಪಲ್ಲ. ನೀವು ದುಡ್ಡು ಕೊಟ್ಟಿರುವುದು ಆ ಕೆಲವು ವಾರಗಳಿಗೆ. ಚಳಿಗಾಲವಿಡೀ ಮಲಗಿದ್ದ ಗಿಡ ಫೆಬ್ರವರಿ ಕೊನೆಯ ಹೊತ್ತಿಗೆ ಬಿಡುವ ಮೊದಲ ಚಿಗುರು ಅದು, ಎರಡೆಲೆ ಒಂದು ಕುಡಿ. ಚೀನಾದಲ್ಲಿ ಏಪ್ರಿಲ್ 5ರ ಸುಮಾರಿಗೆ ಚಿಂಗ್‌ಮಿಂಗ್ ಬರುತ್ತದೆ, ಹಿರಿಯರ ಸಮಾಧಿ ಗುಡಿಸಿ ಕೈಮುಗಿಯುವ ದಿನ. ಅದಕ್ಕೂ ಮೊದಲು ಕಿತ್ತ ಲಾಂಗ್‌ಜಿಂಗ್ ಟೀಗೆ ಬೆಲೆ ಜಾಸ್ತಿ. ಜಪಾನಿನ ಪಂಚಾಂಗದಲ್ಲಿ ವಸಂತ ಹುಟ್ಟಿದ 88ನೇ ದಿನ, ಮೇ 2ರ ಆಸುಪಾಸು, ಕಿತ್ತ ಟೀ ಕುಡಿದರೆ ಆಯಸ್ಸು ಗಟ್ಟಿ ಅಂತ ನಂಬಿಕೆ. ನಮ್ಮಲ್ಲಿ ಬೇಸಿಗೆಯಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತಲ್ವಾ? ಆ ಹೂ ನೋಡಲು ದೀಪಾವಳಿಗೆ ಬನ್ನಿ ಅಂತ ಯಾರನ್ನಾದರೂ ಕರೀತೀವಾ?

ಮಾಡುವುದು ಸುಲಭ. ನೀರು ಕುದಿಸಿ ಇಳಿಸಿ, ಒಂದೆರಡು ನಿಮಿಷ ಬಿಡಿ. ಲೋಟಕ್ಕೆ ಒಂದು ಚಮಚ ಎಲೆ, ಮೂರು ನಿಮಿಷಕ್ಕೆ ಸೋಸಿ. ದೀಪಾವಳಿಯ ನೆಂಟರಿಗೆ ಸುಮ್ನೆ ಒಳ್ಳೆ ಫಿಲ್ಟರ್ ಕಾಫಿ ಕೊಡಿ.

ನಮ್ಮಲ್ಲಿ ಉಳಿದ ಎಲೆಗೆ ಅಮ್ಮ ಹಾಲು, ಶುಂಠಿ ಹಾಕಿ ಕಾಯಿಸಿ ವಾರದೊಳಗೆ ಖಾಲಿ ಮಾಡಿದರು. ಏಲಕ್ಕಿ ಹಾಕುವ ಖರ್ಚು ಉಳಿಯಿತಂತೆ.