ಅರಬ್ಬಿ ರ‍್ಯಾಪ್, ಅಜ್ಜಿಯ ಹಾಡು, ಫ್ಯಾನಿನ ಸದ್ದು

ನಮಸ್ಕಾರ. ನಿಮ್ಮ ಪೋಸ್ಟ್ ಬೆಳಿಗ್ಗೆಯೇ ಓದಿದೆ. ಎರಡು ವಿಷಯ ಕೇಳಿದ್ದೀರಿ. ಅರಬ್ಬಿಯಲ್ಲಿ ರ‍್ಯಾಪ್ ಮಾಡಿ, ಬೀಟನ್ನೂ ತಾನೇ ಕಟ್ಟುವವರಲ್ಲಿ ಯಾರನ್ನು ಕೇಳಬೇಕು ಅಂತ. ಅಜ್ಜಿ ಹಾಡಿದ ಸೋಬಾನೆ ಪದವನ್ನು ಫೋನಿನಲ್ಲಿ ಹಿಡಿದಿದ್ದೀರಿ, ಹಿಂದೆ ಫ್ಯಾನು, ಹಾರನ್ ಎಲ್ಲಾ ಸೇರಿಕೊಂಡಿದೆ, ಅದನ್ನು ತೆಗೆಯುವುದು ಹೇಗೆ ಅಂತ. ಎರಡಕ್ಕೂ ನನ್ನ ಹತ್ತಿರ ಇರುವ ಉತ್ತರ ಒಬ್ಬನೇ ಮನುಷ್ಯ: ಪ್ಯಾಲೆಸ್ಟೀನಿನ ವೆಸ್ಟ್ ಬ್ಯಾಂಕಿನಲ್ಲಿರುವ ರಮಲ್ಲಾ ಊರಿನ ಮುಕಾತಾ.

ಮೊದಲು ಹೆಸರು ನೋಡಿ. ಅರಬ್ಬಿಯಲ್ಲಿ ಮುಕಾತಾ ಅಂದರೆ ಬಹಿಷ್ಕಾರ. ಯಾರೋ ಮಾತಾಡುವಾಗ ನಡುವೆ ಬಾಯಿ ಹಾಕುವುದಕ್ಕೂ ಅದೇ ಪದ. ಊರಲ್ಲಿರುವ ಪ್ಯಾಲೆಸ್ಟೀನ್ ಅಧ್ಯಕ್ಷರ ಕಚೇರಿಯನ್ನೂ ಜನ ಹಾಗೇ ಕರೆಯುತ್ತಾರೆ. ಪದದ ಬೇರಿಗೆ ‘ಕತ್ತರಿಸು’ ಎಂಬ ಅರ್ಥ. ಸದ್ದನ್ನು ಕತ್ತರಿಸಿ ಸಂಗೀತ ಮಾಡುವವನಿಗೆ ಇದಕ್ಕಿಂತ ಒಪ್ಪುವ ಹೆಸರು ಬೇಕಾ? ಮೊದಲು ಅವನು ಬಾಯ್ಕಟ್ ಎಂಬ ಹೆಸರಿನಲ್ಲಿ ಹಾಡುತ್ತಿದ್ದ. ಅರ್ಥ ಅದೇ.

2002ರ ಮಾರ್ಚ್ ಕೊನೆಯಲ್ಲಿ ಇಸ್ರೇಲಿ ಸೇನೆ ರಮಲ್ಲಾಕ್ಕೆ ನುಗ್ಗಿತು. ಆ ಕಚೇರಿಗೆ ಮುತ್ತಿಗೆ ಹಾಕಿತು. ಊರಿಗೆ ಕರ್ಫ್ಯೂ ಬಿತ್ತು. ಅದೇ ದಶಕದಲ್ಲಿ ಅವನೂ ಸ್ಟಾರ್ಮ್‌ಟ್ರಾಪ್ ಎಂಬ ಇನ್ನೊಬ್ಬನೂ ಸೇರಿ ‘ರಮಲ್ಲಾ ಅಂಡರ್‌ಗ್ರೌಂಡ್’ ಎಂಬ ತಂಡ ಕಟ್ಟಿದರು. ಆಮೇಲೆ ಅಸ್ವಾತ್ ಜೊತೆಯಾದ. ಜೆರುಸಲೇಂ ಅಲ್ಲಿಂದ ಸುಮಾರು 15 ಕಿಲೋಮೀಟರ್. ಆದರೆ ನಡುವೆ ಕಲಂದಿಯಾ ಚೆಕ್‌ಪಾಯಿಂಟ್ ಇದೆ. ಪರ್ಮಿಟ್ ಇಲ್ಲದಿದ್ದರೆ ದಾಟುವ ಹಾಗಿಲ್ಲ. ಮನುಷ್ಯ ಹೋಗಲಾಗದ ಕಡೆ ಹಾಡಾದರೂ ಹೋಗಬೇಕಲ್ವಾ? ಇವರ ಹಾಡು ಇಂಟರ್ನೆಟ್ ಹಿಡಿದು ಹೊರಟಿತು. ಅಮೆರಿಕದ ನಾಲ್ವರ ತಂತಿವಾದ್ಯ ತಂಡ ಕ್ರೋನೋಸ್ ಕ್ವಾರ್ಟೆಟ್‌ನ ಡೇವಿಡ್ ಹ್ಯಾರಿಂಗ್ಟನ್ ಅವರ ಕಿವಿಗೆ ಬಿದ್ದದ್ದು ಹಾಡು ಹಂಚಿಕೊಳ್ಳುವ ಆಗಿನ ಜಾಲತಾಣ ಮೈಸ್ಪೇಸ್‌ನಲ್ಲಿ. 2009ರಲ್ಲಿ ಬಂದ ಕ್ರೋನೋಸ್ ಆಲ್ಬಂ ‘ಫ್ಲಡ್‌ಪ್ಲೇನ್’ನಲ್ಲಿ ರಮಲ್ಲಾ ಅಂಡರ್‌ಗ್ರೌಂಡ್‌ನ ‘ತಶ್ವೀಶ್’ ಇದೆ. ಎರಡು ಪಿಟೀಲು, ವಿಯೋಲಾ, ಚೆಲ್ಲೋ ಹಿಡಿದವರು ರಮಲ್ಲಾದ ಹುಡುಗರ ಬೀಟ್ ನುಡಿಸುತ್ತಾರೆ. ಮೊದಲು ಅದನ್ನೇ ಕೇಳಿ.

ತಶ್ವೀಶ್ ಅಂದರೇನು ಗೊತ್ತಾ? ರೇಡಿಯೋ ಸರಿಯಾಗಿ ಸಿಗದಾಗ ಬರುವ ಗೊರಗೊರ. ಮುಂದೆ ಬಾಸೆಲ್ ಅಬ್ಬಾಸ್, ರುವಾನ್ ಅಬು-ರಹ್ಮೆ ಎಂಬ ಕಲಾವಿದರ ಜೊತೆ ಸದ್ದು ಮತ್ತು ವಿಡಿಯೋ ಬೆರೆಸುವ ತಂಡ ಮಾಡಿದಾಗ ಅದಕ್ಕೂ ಇದೇ ಹೆಸರಿಟ್ಟರು. 2013ರ ಆಲ್ಬಂ ‘ಹಯವಾನ್ ನಾತಿಕ್’, ಅಂದರೆ ಮಾತಾಡುವ ಪ್ರಾಣಿ. ಅರಬ್ಬಿ ತರ್ಕಶಾಸ್ತ್ರದಲ್ಲಿ ಮನುಷ್ಯನನ್ನು ಹೀಗೇ ಕರೆಯುವುದು. ಅವನ ರ‍್ಯಾಪ್ ಕೇಳಬೇಕಾದರೆ ಇದು. ಆಮೇಲೆ ಮುಕಾತಾ ಎಂಬ ಹೆಸರಲ್ಲಿ ಮಾತು ಕಡಿಮೆಯಾಯಿತು, ಸದ್ದು ಜಾಸ್ತಿಯಾಯಿತು. 2018ರಲ್ಲಿ ‘ಇನ್‌ಕಾನಕುಂತು’, 2021ರಲ್ಲಿ ‘ಕಾಮಿಲ್ ಮನ್ಕೂಸ್’. ಈ ಎರಡನೇ ಹೆಸರಿನ ಅರ್ಥ ‘ಪೂರ್ಣ, ಆದರೆ ಕೊರತೆಯುಳ್ಳದ್ದು’ ಅಂತ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ತಾಳ ಸಿಕ್ಕಿತು ಅನ್ನುವಷ್ಟರಲ್ಲಿ ತುಂಡಾಗುತ್ತದೆ. ರಮಲ್ಲಾದ ಬೀದಿಯ ಸದ್ದು, ಹಳೆಯ ಅರಬ್ಬಿ ರೆಕಾರ್ಡಿನ ಚೂರು, ಯಂತ್ರದ ಗುಂಯ್ ಎಲ್ಲ ಅವನ ಕೈಯಲ್ಲಿ ವಾದ್ಯ.

ವೆಸ್ಟ್ ಬ್ಯಾಂಕಿನಲ್ಲಿ ಪ್ಯಾಲೆಸ್ಟೀನಿ ಕಂಪನಿಗಳ 3ಜಿ ಶುರುವಾದದ್ದು 2018ರ ಜನವರಿಯಲ್ಲಿ. ಅದಕ್ಕೆ ಮೊದಲು ಇಸ್ರೇಲ್ ವರ್ಷಗಟ್ಟಲೆ ತಡೆದಿತ್ತು. ದಾರಿಯೂ ಸಿಗ್ನಲ್ಲೂ ತುಂಡಾಗುವ ಊರು ಅದು. ಅಲ್ಲಿನ ಸದ್ದಿನಿಂದ ಅಡಚಣೆಯನ್ನು ಉಜ್ಜಿ ತೆಗೆದರೆ ಊರೇ ಅಳಿಸಿಹೋಗುತ್ತದೆ. ನನಗೆ ಅವನಲ್ಲಿ ಅತಿ ಹೆಚ್ಚು ಹಿಡಿಸಿದ್ದು ಇದೇ.

ಈಗ ನಿಮ್ಮ ಫೈಲಿಗೆ ಬರೋಣ. ಹಿನ್ನೆಲೆ ಸದ್ದು ಅಳಿಸುವ ನಾಯ್ಸ್ ರಿಮೂವಲ್ ಒತ್ತಬೇಡಿ. ಒತ್ತಿದರೆ ಫ್ಯಾನಿನ ಜೊತೆ ಅಜ್ಜಿಯ ಉಸಿರೂ ಹೋಗುತ್ತದೆ, ದನಿ ನೀರಲ್ಲಿ ಮುಳುಗಿದ ಹಾಗೆ ಕೇಳಿಸುತ್ತದೆ. ಮೂಲ ಫೈಲನ್ನು ಬೇರೆ ಕಡೆ ಹಾಗೇ ಇಡಿ. ಅದರದೊಂದು ಪ್ರತಿ ಮಾಡಿ ಆಡಾಸಿಟಿ ಎಂಬ ಸದ್ದು ತಿದ್ದುವ ಸಾಫ್ಟ್‌ವೇರಿನಲ್ಲಿ ತೆರೆಯಿರಿ, ಅದು ಉಚಿತ. ಅಜ್ಜಿ ಉಸಿರು ತೆಗೆದುಕೊಳ್ಳುವ ಜಾಗ, ಪದದ ಕೊನೆಯ ಎಳೆತ, ಹಾರನ್ ಬಂದ ಕ್ಷಣ, ಇವನ್ನು ಬೇರೆ ಬೇರೆ ಚೂರು ಮಾಡಿ. ಪರದೆಯಲ್ಲಿ ಕಾಣುವ ಸದ್ದಿನ ಅಲೆ ನಡುಗೆರೆಯನ್ನು ಮುಟ್ಟುವ ಜಾಗದಲ್ಲೇ ಕತ್ತರಿಸಿ, ಇಲ್ಲದಿದ್ದರೆ ‘ಟಪ್’ ಅಂತ ಸದ್ದು ಬರುತ್ತದೆ. ಆ ಟಪ್ ಚೆನ್ನಾಗಿದ್ದರೆ ಅದನ್ನೂ ಇಟ್ಟುಕೊಳ್ಳಿ. ಅಜ್ಜಿ ಸುಮ್ಮನಿರುವ ಕಡೆಯ ಫ್ಯಾನಿನ ಸದ್ದನ್ನು ಐದಾರು ಸೆಮಿಟೋನ್ (ಅರ್ಧ ಸ್ವರ) ಇಳಿಸಿ ನೋಡಿ, ತಂಬೂರಿಯ ಹಾಗೆ ಕೆಳಗೆ ಹರಿಯುತ್ತಿರುತ್ತದೆ. ಹಾರನ್ ಚೂರನ್ನು ಸ್ನೇರ್, ಅಂದರೆ ಡ್ರಮ್ಮಿನ ಚಟ್ ಎನ್ನುವ ಪೆಟ್ಟು, ಬೀಳುವ ಕಡೆ ಇಡಿ. ಮೊದಲಿಗೆ ನಿಮಿಷಕ್ಕೆ 85ರಿಂದ 90 ಬೀಟ್ ಸಾಕು. ಎಲ್ಲವನ್ನೂ ಗ್ರಿಡ್ಡಿಗೆ, ಅಂದರೆ ಪರದೆಯ ಸಮ ಅಂತರದ ತಾಳದ ಗೆರೆಗಳಿಗೆ, ಅಂಟಿಸಬೇಡಿ. ಅಜ್ಜಿ ಗ್ರಿಡ್ಡಿಗೆ ಹಾಡಿಲ್ಲ.

ಬಿಟ್ ಡೆಪ್ತ್, ಅಂದರೆ ಸದ್ದನ್ನು ಎಷ್ಟು ನುಣುಪಾಗಿ ಅಳೆದಿಡುತ್ತದೆ ಅನ್ನುವುದು, ಅದನ್ನು ಇಳಿಸಿಯೂ ನೋಡಿ. 1987ರ ಎಸ್‌ಪಿ-1200 ಸ್ಯಾಂಪ್ಲರ್ (ಸದ್ದಿನ ಚೂರು ಹಿಡಿದು ನುಡಿಸುವ ಯಂತ್ರ) 12 ಬಿಟ್‌ನದು, ಅದರಲ್ಲಿ ಒಟ್ಟು 10 ಸೆಕೆಂಡಿನಷ್ಟು ಸದ್ದು ಮಾತ್ರ ಹಿಡಿಸುತ್ತಿತ್ತು. ಜಾಗ ಉಳಿಸಲು ಗ್ರಾಮಫೋನ್ ಪ್ಲೇಟನ್ನು ಜೋರಾಗಿ ತಿರುಗಿಸಿ ತುಂಬಿಸಿಕೊಳ್ಳುತ್ತಿದ್ದರು. ಆಮೇಲೆ ಯಂತ್ರದೊಳಗೆ ನಿಧಾನ ಮಾಡುತ್ತಿದ್ದರು. ನಾವು ಇಷ್ಟಪಡುವ ಆ ಒರಟು ದನಿ ಹುಟ್ಟಿದ್ದು ಹಾಗೆ.

ಇನ್ನು ಮುಂದೆ ರೆಕಾರ್ಡ್ ಮಾಡುವಾಗ ಫೋನಿನಲ್ಲಿ ಸದ್ದನ್ನು ಕುಗ್ಗಿಸದ ವೇವ್ (WAV) ಫೈಲ್ ಆರಿಸಿ, ಎಂಪಿ3 ಬೇಡ. ಹೊರಗೆ ಗಾಳಿ ಇದ್ದರೆ ಮೈಕಿನ ಮೇಲೆ ತೆಳು ಸ್ಪಂಜ್ ಇಡಿ. ಒಂದೇ ಜಾಗದಲ್ಲಿ ಐದು ನಿಮಿಷ ಸುಮ್ನೆ ನಿಂತು ಹಿಡಿಯಿರಿ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ತಗಡಿನ ಸದ್ದನ್ನು ಹಾಗೆ ಹಿಡಿದೆ. ನಾಲ್ಕನೇ ನಿಮಿಷದಲ್ಲಿ ಪಕ್ಕದ ಮನೆಯ ಬಾಗಿಲು ಬಡಿಯಿತು. ಅದೇ ನನ್ನ ಬೀಟಿನ ಈಗಿನ ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಪೆಟ್ಟು.

ಹಳೆಯ ಕ್ಯಾಸೆಟ್ಟಿನಿಂದ ತೆಗೆಯುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ನಮ್ಮ ಕಾನೂನಿನಲ್ಲಿ ರೆಕಾರ್ಡಿಂಗಿನ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಸಾಹಿತ್ಯ, ರಾಗ ಹಾಕಿದವರ ಹಕ್ಕು ಬೇರೆ, ಅದು ಅವರು ತೀರಿಕೊಂಡ ಮೇಲೂ 60 ವರ್ಷ. ಅಜ್ಜಿಯ ಸೋಬಾನೆಗೆ ಆ ತಾಪತ್ರಯ ಇಲ್ಲ. ಆದರೆ ನೆಟ್‌ಗೆ ಹಾಕುವ ಮೊದಲು ಅಜ್ಜಿಯನ್ನು ಕೂರಿಸಿ ಕೇಳಿಸಿ, ಒಪ್ಪಿಗೆ ಪಡೆಯಿರಿ.

ಮೂಲ ಫೈಲ್ ಇಲ್ಲೇ ಹಾಕುತ್ತೀರಾ, ಅಜ್ಜಿ ಒಪ್ಪಿದರೆ? ಏನೂ ತೊಳೆಯದೆ ಹಾಕಿ. ಭಾನುವಾರ ನಾನೂ ಕತ್ತರಿಸಿ ನೋಡುತ್ತೇನೆ.